ಪಾಪಮ್ಮ ಹೂಂ ಅನ್ನುವ ತನಕ

ಬೆಳಗಿನ ಐದೂವರೆ. ತೂಬಗೆರೆ ಹೋಬಳಿಯ ಈ ಊರಿನಲ್ಲಿ ಡೇರಿ ಬಾಗಿಲು ಇನ್ನೂ ತೆರೆದಿಲ್ಲ. ಮನೆ ಮನೆಗೆ ಹೋಗಿ ದನಗಳ ಆರೈಕೆ ಹೇಳಿಕೊಡುವ ಪಶುಸಖಿ ಮುನಿಲಕ್ಷ್ಮಮ್ಮ ಆಗಲೇ ಪಾಪಮ್ಮನ ಮನೆ ಜಗಲಿಯಲ್ಲಿ ಕೂತು ಫೋನು ನೋಡಿ ಪಾಠ ಓದುತ್ತಿದ್ದಾರೆ. ಕೆಚ್ಚಲು ಬಾವು ಕುರಿತ ಪಾಠ. 'ಮೊದಲ ಎರಡು ಧಾರೆ ಬೇರೆ ಬಟ್ಟಲಿಗೆ ಹಿಂಡಿ, ಹಾಲಿನಲ್ಲಿ ಗರಣೆ, ಗಂಟು ಇದೆಯೇ ನೋಡಿ' ಎನ್ನುತ್ತಲೇ ಪಾಪಮ್ಮ ಕೈ ಅಡ್ಡ ಹಿಡಿಯುತ್ತಾರೆ.

"ಹಿಂಡಿದ ಹಾಲು ಎಲ್ಲಿ ಚೆಲ್ಲೋದು ಲಕ್ಷ್ಮೀ? ಕೊಟ್ಟಿಗೇಲೇ ಚೆಲ್ಲಿದ್ರೆ?"

ಪಾಠ ಬರೆದುಕೊಟ್ಟ ಫೋನಿನ ಎಐ ಅದನ್ನು ಹೇಳಿಲ್ಲ, ಮುನಿಲಕ್ಷ್ಮಮ್ಮನೂ ಕೇಳಿಲ್ಲ. ಮತ್ತೆ ಕೇಳುತ್ತಾರೆ. ಕೊಟ್ಟಿಗೆಯಲ್ಲಿ ಚೆಲ್ಲಿದರೆ ಪಕ್ಕದ ಹಸುವಿಗೂ ರೋಗ ದಾಟಬಹುದು ಎಂಬ ಉತ್ತರ ಬರುತ್ತದೆ. ಪಾಠವನ್ನು ತಿದ್ದುತ್ತಿರುವುದು ಇದು ನಾಲ್ಕನೇ ಸಲ.

ಮುನಿಲಕ್ಷ್ಮಮ್ಮ ಓದಿದ್ದು ಏಳನೇ ತರಗತಿ, ವಯಸ್ಸು ನಲವತ್ತನಾಲ್ಕು. ದಿನಕ್ಕೆ ಹತ್ತು ಹನ್ನೆರಡು ಕೊಟ್ಟಿಗೆ, ಎಲ್ಲವೂ ಕಾಲ್ನಡಿಗೆಯಲ್ಲೇ. ವಾರಕ್ಕೆರಡು ಪಾಠವನ್ನು ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ, ಹಸು ಸಾಕುವ ಮೂವತ್ತೊಂದು ಹೆಂಗಸರ ವಾಟ್ಸಾಪ್ ಗುಂಪಿಗೆ ಕಳಿಸುತ್ತಾರೆ.

ಈ ಜಾಗ್ರತೆ ಹುಟ್ಟುಗುಣವೇನಲ್ಲ. ಕಳೆದ ವರ್ಷದವರೆಗೆ ಫೋನು ಬರೆದುಕೊಟ್ಟದ್ದನ್ನು ಒಂದೇ ಏಟಿಗೆ ಓದಿ ಕಳಿಸಿಬಿಡುತ್ತಿದ್ದರು. ಒಂದು ದಿನ, ಜೋಳದ ಹಸಿ ಮೇವು ಹಸುವಿಗೆ ಒಳ್ಳೆಯದೇ ಎಂದು ಫೋನನ್ನು ಕೇಳಿದರು. ಒಳ್ಳೆಯದು ಎಂದು ಬಲು ಚೆಂದದ ಉತ್ತರ ಬಂತು. ಚೆಂದವಾಗಿಯೇ ಓದಿ ಕಳಿಸಿದರು. ಮಾರನೇ ಬೆಳಿಗ್ಗೆ ಡೇರಿ ಸಾಲಿನಲ್ಲಿ ಪಾಪಮ್ಮ ಇವರಿಗೆ ಸಿಕ್ಕರು.

"ಕುಯ್ದ ಜೋಳ ಮೊಣಕಾಲುದ್ದ ಚಿಗುರೈತಲ್ಲ, ಅದ್ನೇ ಹಾಕ್ ಬಂದೆ. ಅನುಮಾನ ಇತ್ತು ಕಣಮ್ಮ. ನೀನೇ ಹೇಳಿದ್ಯಲ್ಲ ಅಂತ ಹಾಕ್ದೆ."

ಮಳೆ ಕೈಕೊಟ್ಟ ಹೊಲದ ಎಳೆ ಚಿಗುರು! ಅದು ವಿಷವೆಂದು ದನಗಳ ನಡುವೆಯೇ ಬೆಳೆದ ಮುನಿಲಕ್ಷ್ಮಮ್ಮನಿಗೆ ಗೊತ್ತಿಲ್ಲವೇ? ಎದ್ದೆನೋ ಬಿದ್ದೆನೋ ಎಂದು ಓಡಿದರು. ಹಸು ಆಗಲೇ ಬಿದ್ದು ಒದ್ದಾಡುತ್ತಿತ್ತು, ಬಾಯಲ್ಲಿ ನೊರೆ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಾಪಮ್ಮನಿಗೆ ಇದ್ದದ್ದು ಅದೊಂದೇ ಹಸು.

"ನಂಗೆ ಗೊತ್ತಿತ್ತು ಸಾರ್! ಎಷ್ಟುದ್ದದ ಜೋಳ, ಮಳೆ ಬಿದ್ದೈತಾ ಇಲ್ವಾ, ನಾನು ಒಂದೂ ಕೇಳ್ಲಿಲ್ಲ. ಅದು ಬರ್ದಿದ್ದು ಅಷ್ಟು ಚೆನ್ನಾಗಿತ್ತು, ಕಣ್ಮುಚ್ಕೊಂಡು ಒಪ್ಕೊಂಡ್ಬಿಟ್ಟೆ." ಎನ್ನುತ್ತಾರೆ ಮುನಿಲಕ್ಷ್ಮಮ್ಮ, ವರದಿಗೆಂದು ಬಂದ ನನ್ನೊಡನೆ.

ಅಂದೇ ಮನೆ ಮನೆಗೆ ಹೋಗಿ, ತಾನು ಹೇಳಿದ್ದು ತಪ್ಪೆಂದು ಹೇಳಿಬಂದರು. ಕೊನೆಗೆ ಪಾಪಮ್ಮನ ಮುಂದೆ ನಿಂತು ಬೈಗುಳಕ್ಕೆ ಕಾದರು. ಬೈಗುಳ ಬರಲಿಲ್ಲ.

"ಇನ್ಮೇಲೆ ಮೊದ್ಲು ನಂಗೆ ಓದು. ನಾನು ಹೂಂ ಅನ್ನೋವರ್ಗೂ ಯಾರಿಗೂ ಕಳಿಸ್ಬೇಡ," ಎಂದರು ಪಾಪಮ್ಮ. ಹಸು ಕಳೆದುಕೊಂಡವರ ಬಾಯಲ್ಲಿ ಈ ಮಾತು!

ಅಂದಿನಿಂದ ಪಾಪಮ್ಮ ಇವರನ್ನು ಕೇಳುತ್ತಾರೆ, ಇವರು ಫೋನನ್ನು ಕೇಳುತ್ತಾರೆ, ಕಡೆಗೆ ಪಶುವೈದ್ಯರಿಗೂ ತೋರಿಸುತ್ತಾರೆ. ಒಂದೊಂದು ಪಾಠಕ್ಕೆ ಐದಾರು ಸಲ ಇದೇ ಓಡಾಟ. ಹಿಂಸೆ ಎನಿಸುವುದಿಲ್ಲವೇ ಎಂದರೆ ನಗುತ್ತಾರೆ. "ಪಾಪಮ್ಮಕ್ಕ ಕೇಳ್ದಾಗ್ಲೇ ನಂಗೂ ಎಷ್ಟು ಗೊತ್ತಿಲ್ಲ ಅಂತ ಗೊತ್ತಾಗೋದು."

ಡೇರಿ ಮುಂದೆ ಕ್ಯಾನುಗಳ ಸದ್ದು ಶುರುವಾಗಿದೆ. ಮುನಿಲಕ್ಷ್ಮಮ್ಮ ಸೆರಗಿನಿಂದ ಫೋನು ಒರೆಸಿಕೊಂಡು ಎದ್ದವರು, ಏನೋ ನೆನಪಾಗಿ ನಿಲ್ಲುತ್ತಾರೆ.

"ಮುಂದಿನ ವಾರ ಪಾಪಮ್ಮಕ್ಕ ಹೊಸ ಹಸು ತರ್ತಾವ್ರೆ. ಆರ್ಸೋಕೆ ಯಾರನ್ನ ಕರ್ದವ್ರೆ ಗೊತ್ತಾ ಸಾರ್? ನನ್ನ."