ಏಕಾದಶಿಯ ಬ್ಲಾಗು

ನಾನು ಮೊದಲ ಸಲ ವರ್ಚುವಲ್ ಲೋಕಕ್ಕೆ ಕಾಲಿಟ್ಟಾಗ ಬಟ್ಟೆ ಬರುವುದು ತಡವಾಯಿತು. ತಪ್ಪು ನನ್ನದಲ್ಲ, ಹಾಸನದ ನಮ್ಮ ಕಾಲೇಜಿನ ಇಂಟರ್ನೆಟ್ಟಿನದು. ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಪರದೆಯ ಮೇಲೆ ಬೂದಿ ಬಣ್ಣದ ಒಂದು ಗೊಂಬೆ ಬಂತು, ಅದೇ ನಾನಂತೆ. ತಲೆ ಬಂತು, ಕೈಕಾಲು ಬಂತು. ನಾನು ಆರಿಸಿದ್ದ ನೀಲಿ ಅಂಗಿ ಮಾತ್ರ ಬರಲೊಲ್ಲದು. ಹಿಂದಿನ ಬೆಂಚಿನಲ್ಲಿ ಹುಡುಗರಿದ್ದರು. ಹಿಂದೆಮುಂದೆ ನೋಡದೆ ನನ್ನ ವೇಲು ತೆಗೆದು ಮಾನಿಟರಿಗೆ ಹೊದಿಸಿದೆ. ಕಂಪ್ಯೂಟರ್ ಮೇಷ್ಟ್ರು ಹತ್ತಿರ ಬಂದು, ಅದಕ್ಕೇನು ಚಳಿಯೇನಮ್ಮ ಎಂದು ಕೇಳಿದರು.

ಅಂಗಿ ಬಂದಮೇಲೆ ಊರು ನೋಡಿದೆ. ಕಡಲು, ಅರಮನೆ, ಹಾರಾಡುವ ಜನ. ಒಬ್ಬರಿಗೂ ವಯಸ್ಸಾಗಿರಲಿಲ್ಲ, ಒಬ್ಬರಿಗೂ ಹೊಟ್ಟೆ ಬಂದಿರಲಿಲ್ಲ. ರೆಕ್ಕೆ ಕಟ್ಟಿಕೊಂಡವನೊಬ್ಬ ಹಲೋ ಎಂದ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಊಟ ಆಯಿತೇ ಎಂದು ಕೇಳಿ, ಯಾವೂರು ಅಂತಲೂ ಕೇಳಿದೆ. ಅವನು ಹಾರಿಹೋದ. ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ ಬಸ್ಸಿನಲ್ಲಿ ಹೋದರೆ, ಇಳಿಯುವುದರೊಳಗೆ ಪಕ್ಕದ ಸೀಟಿನವರು ನಮಗೆ ಎಲ್ಲಿಂದಲೋ ನೆಂಟರಾಗಿರುತ್ತಾರೆ. ಅಷ್ಟು ದೊಡ್ಡ ಲೋಕದಲ್ಲಿ ಯಾರಿಗೂ ಯಾರೂ ಏನೂ ಆಗುವುದಿಲ್ಲ ಎಂಬುದು ನನಗೆ ಬಹಳ ಬೇಜಾರು ತಂದಿತು.

ಬ್ಲಾಗು ಮಾತ್ರ ಹಿಡಿಸಿತು. ಎಲ್ಲರೂ ಒಂದೊಂದು ಬ್ಲಾಗು ತೆರೆದು ಹತ್ತು ಬರಹ ಹಾಕಬೇಕು, ಅದಕ್ಕೆ ಇಂಟರ್ನಲ್ ಮಾರ್ಕ್ಸ್ ಎಂದು ಮೇಷ್ಟ್ರು ಹೇಳಿದ್ದರು. ಒಂಬತ್ತನ್ನು ಹೇಗೋ ಬರೆದೆ. ಬಸ್ಸು, ಹೇಮಾವತಿ ಹೊಳೆ, ಶೆಟ್ಟಿಹಳ್ಳಿಯಲ್ಲಿ ನೀರೊಳಗೆ ನಿಂತ ಚರ್ಚು, ಹೀಗೆ. ಎಷ್ಟು ಜನ ಬಂದು ಓದಿದರೆಂದು ತೋರಿಸುವ ಅಂಕಿಯೊಂದು ಬ್ಲಾಗಿನ ಕೆಳಗಿತ್ತು. ಅದು ಏರಿದಾಗಲೆಲ್ಲ ಹಿಗ್ಗುತ್ತಿದ್ದೆ. ಬಂದು ಹೋಗುತ್ತಿದ್ದವಳು ನಾನೊಬ್ಬಳೇ ಎಂದು ಆಮೇಲೆ ತಿಳಿಯಿತು. ಯಾರೂ ಓದದ ಕಡೆ ಏನು ಬರೆದರೇನು ಎಂಬ ಧೈರ್ಯ ಬಂತು. ಹತ್ತನೆಯದಕ್ಕೆ ಅತ್ತೆಯ ವಿಷಯ ಬರೆದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಹೊಳೆನರಸೀಪುರದ ನಮ್ಮ ಮನೆಗೆ ಬಂದವರು. ತಮ್ಮನ ಮನೆಯ ಅನ್ನ ತಿನ್ನುವ ಹೆಂಗಸಿಗೆ ಬೀದಿಯಲ್ಲಿ ಎಷ್ಟು ಗೌರವ ಸಿಗುತ್ತದೆಂದು ಹೇಳಬೇಕಾಗಿಲ್ಲ. ಅತ್ತೆಗೆ ಅದು ಧಾರಾಳವಾಗಿ ಸಿಗುತ್ತಿತ್ತು, ಅವರ ಏಕಾದಶಿಯಿಂದ. ತೊಟ್ಟು ನೀರೂ ಮುಟ್ಟದ ಉಪವಾಸ ಎಂದು ದೇವಸ್ಥಾನದ ಬೀದಿಯೆಲ್ಲ ಹೇಳುತ್ತಿತ್ತು. ಮದುವೆಯಾಗಲಿ, ನಾಮಕರಣವಾಗಲಿ, ಹೆಂಗಸರು ಮೊದಲು ಅವರನ್ನು ಕೇಳುತ್ತಿದ್ದರು. ದಶಮಿಯ ಸಂಜೆ ಹಾಸನದ ಬೇಕರಿಯಿಂದ ಈರುಳ್ಳಿ ಹಾಕಿದ ಖಾರಾ ಬನ್ ತಂದುಕೊಡುತ್ತಿದ್ದವಳು ನಾನು. ಮಾರನೆಯ ಮಧ್ಯಾಹ್ನ ಮನೆಯವರು ಮಲಗಿದಾಗ ಅತ್ತೆ ಸೌದೆಮನೆಯ ಬಾಗಿಲು ಹಾಕಿಕೊಂಡು ಅದನ್ನು ತಿನ್ನುತ್ತಿದ್ದರು. ಕಾಲೇಜಿಗೆ ರಜೆಯಿದ್ದರೆ ಅರ್ಧ ನನಗೂ ಕೊಡುತ್ತಿದ್ದರು. ಇದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಹೆಸರು ಹಾಕದೆ, ಊರು ಹಾಕದೆ, ಯಾರೋ ಒಬ್ಬ ಉಪವಾಸಿಯ ಕಥೆಯೆಂಬಂತೆ ಬರೆದೆ. ಹತ್ತರಲ್ಲಿ ಅದೇ ಚೆನ್ನಾಗಿತ್ತು. ಮೇಷ್ಟ್ರು ಪೂರ್ತಿ ಮಾರ್ಕ್ಸ್ ಕೊಟ್ಟರು. ಆ ಜಂಬದಲ್ಲಿ ಬ್ಲಾಗಿನ ವಿಳಾಸವನ್ನು ಅಪ್ಪನಿಗೆ ಬರೆದುಕೊಟ್ಟೆ.

ಅಪ್ಪ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಕಾಗದದ ಮೇಲಿಲ್ಲದ್ದನ್ನು ಬರಹವೆಂದು ಒಪ್ಪುವವರಲ್ಲ. ಚೀಟಿ ಹಿಡಿದು ನಮ್ಮೂರಿನ ಸೈಬರ್ ಸೆಂಟರಿಗೆ ಹೋದರು. ಅಲ್ಲಿಯವನು, "ನಿಮ್ ಉಡ್ಗಿ ಇಂಟರ್ನೆಟ್ನಾಗೆ ಬಂದವ್ಳೆ ಸಾ" ಎಂದು ಅಪ್ಪನಿಗಿಂತ ಹೆಚ್ಚು ಸಂಭ್ರಮಪಟ್ಟು, ಹತ್ತನ್ನೂ ಪ್ರಿಂಟ್ ತೆಗೆದು ರಟ್ಟು ಹಾಕಿ ಬೈಂಡ್ ಮಾಡಿಕೊಟ್ಟ. ಅಪ್ಪ ಅದನ್ನು ತೆರೆದು ನೋಡಲಿಲ್ಲ. ಹೊಸ ಪುಸ್ತಕ ಬಂದರೆ ಮೂಲೆಗಳಿಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಒಳ್ಳೆಯ ದಿನವೇ ತೆರೆಯಬೇಕೆಂಬುದು ನಮ್ಮ ಮನೆಯ ಪದ್ಧತಿ. ಹತ್ತಿರದ ಒಳ್ಳೆಯ ದಿನವೆಂದರೆ ಏಕಾದಶಿ. ಅಂದು ಸಂಜೆ ಬೀದಿಯ ಹೆಂಗಸರು ನಮ್ಮ ನಡುಮನೆಗೆ ಅತ್ತೆ ಓದುವ ಪುರಾಣ ಕೇಳಲು ಬರುತ್ತಿದ್ದರು. ಈ ಸಲ ಪುರಾಣದ ಬದಲು ಮಗಳ ಪುಸ್ತಕ ಎಂದು ಅಪ್ಪ ಸಾರಿಬಿಟ್ಟರು.

ಕಾಲೇಜಿನಿಂದ ಬಂದ ನನಗೆ ಇದು ಗೊತ್ತಾದದ್ದು ಬಾಗಿಲಲ್ಲಿ ಅಷ್ಟೊಂದು ಚಪ್ಪಲಿ ಕಂಡಾಗ. ಅಪ್ಪ ಪುಸ್ತಕ ಕೈಗಿಟ್ಟು ಓದಲು ಹೇಳಿದರು. ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಬಸ್ಸು, ಹೊಳೆ, ಚರ್ಚು ಎಲ್ಲ ಓದಿದೆ. ಒಂಬತ್ತಕ್ಕೆ ಪುಸ್ತಕ ಮುಚ್ಚಿದೆ. ಇನ್ನೊಂದಿದೆಯಲ್ಲ ಎಂದರು ಅಪ್ಪ. ಗಂಟಲು ಕಟ್ಟಿದೆ ಎಂದೆ. ಅಪ್ಪ ಕನ್ನಡಕ ತರಲು ಎದ್ದರು. ಅಷ್ಟರಲ್ಲಿ ಅತ್ತೆ ಕೈಚಾಚಿದರು.

"ಇಲ್ಲಿ ಕೊಡೇ, ನಾನು ಓದ್ತೀನಿ. ನಮ್ಮ ಹುಡುಗಿ ಬರ್ದಿರೋದು."

ಮೊದಲ ಸಾಲನ್ನು ಅತ್ತೆ ಎರಡು ಸಲ ಓದಿದರು. ನನ್ನ ಕಡೆ ನೋಡಲಿಲ್ಲ. ಆಮೇಲೆ ಪುರಾಣ ಓದುವ ಅದೇ ರಾಗದಲ್ಲಿ ಒಂದಕ್ಷರ ಬಿಡದೆ ಓದಿದರು. ದಶಮಿಯ ಸಂಜೆ, ಬೇಕರಿಯ ಪೊಟ್ಟಣ, ಸೌದೆಮನೆ, ಸೆರಗಿನ ಮೇಲೆ ಉದುರಿದ ಬನ್ನಿನ ಪುಡಿ, ಎಲ್ಲವನ್ನೂ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಉಪವಾಸಿ ಯಾರಿರಬಹುದೆಂಬ ಅನುಮಾನ ಅರಕಲಗೂಡಿನ ಯಾರದೋ ಸೊಸೆಯವರೆಗೂ ಹೋಗಿ ಬಂತು. ಎದುರಿಗೆ ಓದುತ್ತಿದ್ದವರನ್ನು ಮಾತ್ರ ಮುಟ್ಟಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಊರಿನಲ್ಲಿ ಅತ್ತೆ ಹೆಗಲು ಮುಟ್ಟಿಕೊಳ್ಳಲಿಲ್ಲ. ಬರವಣಿಗೆ ಚೆನ್ನಾಗಿದೆ, ಕಲ್ಪನೆ ಸ್ವಲ್ಪ ಜಾಸ್ತಿಯಾಯಿತು ಎಂದರು ಅಪ್ಪ.

ಮಾರನೆಯ ದಿನವೇ ಕಾಲೇಜಿನಲ್ಲಿ ಆ ಬರಹ ಅಳಿಸಿದೆ. ನನಗಾದ ನಾಚಿಕೆ ಅದರಿಂದ ಒಂದಿಷ್ಟೂ ಕಡಿಮೆಯಾಗಲಿಲ್ಲ. ಮುಂದಿನ ದಶಮಿಗೆ ಎರಡು ಖಾರಾ ಬನ್ ತಂದು, ಯಾರೂ ಇಲ್ಲದ ಹೊತ್ತಿನಲ್ಲಿ ಅತ್ತೆಯ ಮುಂದಿಟ್ಟು ತಪ್ಪಾಯಿತೆಂದೆ. ಅವರು ಬೈಯಲಿಲ್ಲ. ಪೊಟ್ಟಣವನ್ನು ನನ್ನ ಕಡೆಗೇ ಸರಿಸಿದರು.

"ನನ್ನ ಜೊತೇಲಿ ತಿನ್ನೋಳು ಅಂದ್ಕೊಂಡಿದ್ದೆ ಕಣೇ ನಿನ್ನ. ನೀನು ನೋಡ್ತಾ ಕೂತಿದ್ದೀಯ ಅಂತ ಗೊತ್ತಿರ್ಲಿಲ್ಲ."

ಅಂದಿನಿಂದ ಅತ್ತೆ ನಿಜವಾಗಿಯೂ ಉಪವಾಸ ಮಾಡತೊಡಗಿದರು. ಬೀದಿಯವರಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಆ ಏಕಾದಶಿಯ ಮಧ್ಯಾಹ್ನ ಸೌದೆಮನೆಯಲ್ಲಿ ಎರಡು ಬನ್ನನ್ನೂ ನಾನೊಬ್ಬಳೇ ತಿಂದೆ.