ಮನೆಯ ಮಕ್ಕಳು ಒಪ್ಪಬೇಕು

ಆಗೆಲ್ಲ ನಮ್ಮ ಮನೆಯಲ್ಲಿ ಎರಡು ಕಾಲಿಗೆ ಎರಡು ಕಂಪನಿಯ ಸಾಕ್ಸು. ಎಡಗಾಲಿನದು ಜಾರಿ ಜಾರಿ ಬೂಟಿನೊಳಗೆ ಸೇರಿಕೊಳ್ಳುತ್ತಿತ್ತು, ಬಲಗಾಲಿನದು ಮೊಣಕಾಲಿನ ಕೆಳಗೆ ಕಚ್ಚಿ ಹಿಡಿಯುತ್ತಿತ್ತು. ಬೇರೆ ಮಕ್ಕಳು ಹಾಗೆ ಶಾಲೆಗೆ ಬಂದಿದ್ದರೆ ಪಾಪ, ಮನೆಯಲ್ಲಿ ಕಷ್ಟ ಅಂದುಕೊಳ್ಳುತ್ತಿದ್ದರೇನೋ. ನಮ್ಮದು ಅಂಗಡಿಯವರ ಮನೆ. ಅಂಗಡಿ ಇದ್ದುದರಿಂದಲೇ ನಮಗೆ ಆ ಪಾಡು.

ಬಳೇಪೇಟೆಯಲ್ಲಿ ತಾತ ಹಾಕಿದ ಅಂಗಡಿ ಅದು. ದಾರ, ಗುಂಡಿ, ಟವಲುಗಳಿಂದ ಶುರುವಾಗಿತ್ತು. ತಾತ ಹೋದ ಮೇಲೆ ಅಜ್ಜಿಯ ಕೈಗೆ ಬಂದು ಸೋಪು, ಛತ್ರಿ, ಕುಕ್ಕರು, ಮಕ್ಕಳ ಬಟ್ಟೆ ಎಲ್ಲ ಸಿಗುವಷ್ಟು ಬೆಳೆಯಿತು. ಎರಡನೆಯ ಅಂಗಡಿಯನ್ನು ಗಾಂಧಿ ಬಜಾರಿನಲ್ಲಿ ತೆರೆದರು. ಬಳೇಪೇಟೆಯದನ್ನು ಅಪ್ಪ ನೋಡಿಕೊಳ್ಳುತ್ತಿದ್ದರು, ಗಾಂಧಿ ಬಜಾರಿನದನ್ನು ಚಿಕ್ಕಪ್ಪ. ಇಬ್ಬರನ್ನೂ ಚಾಮರಾಜಪೇಟೆಯ ಮನೆಯಲ್ಲಿ ಕೂತು ಅಜ್ಜಿ ನೋಡಿಕೊಳ್ಳುತ್ತಿದ್ದರು.

ಅಜ್ಜಿಯದು ಒಂದೇ ಕಾನೂನು. ಮನೆಯಲ್ಲಿ ಬಳಸಿ ನೋಡದ ಸಾಮಾನನ್ನು ಅಂಗಡಿಯಲ್ಲಿ ಇಡಕೂಡದು. ಹಾಗಾಗಿ ಅಪ್ಪ ಎಡಗೆನ್ನೆಗೆ ಒಂದು ಬ್ಲೇಡು, ಬಲಗೆನ್ನೆಗೆ ಇನ್ನೊಂದು ಬ್ಲೇಡು ಹಾಕಿ ಕ್ಷೌರ ಮಾಡಿಕೊಳ್ಳುತ್ತಿದ್ದರು. ಬಚ್ಚಲುಮನೆಯಲ್ಲಿ ಗಂಧದ ಸೋಪು, ಬೇವಿನ ಸೋಪು, ನಿಂಬೆಯ ಸೋಪು, ಜೊತೆಗೆ ಏನೆಂದು ಯಾರಿಗೂ ತಿಳಿಯದ ಒಂದು ವಾಸನೆಯ ಸೋಪು. ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಮೂರು ಬಗೆಯ ಉಪ್ಪಿನಕಾಯಿ. ಏಪ್ರಿಲ್ ಬಿಸಿಲಿನಲ್ಲಿ ರೇನ್‌ಕೋಟು ಬಂದರೆ ಮಳೆಗೆ ಕಾಯುವವರು ಯಾರು? ನನಗೆ ತೊಡಿಸಿ ಹಿತ್ತಲಲ್ಲಿ ನಿಲ್ಲಿಸುತ್ತಿದ್ದರು. ಚಿಕ್ಕಪ್ಪನ ಮಗ ಬಸು, ನನಗಿಂತ ನಾಲ್ಕು ವರ್ಷ ದೊಡ್ಡವನು, ಸ್ಟೂಲು ಹತ್ತಿ ಚೊಂಬು ಚೊಂಬು ನೀರು ಸುರಿಯುತ್ತಿದ್ದ. ಅಷ್ಟು ಶ್ರದ್ಧೆಯಿಂದ ಅವನು ಬೇರೆ ಯಾವ ಕೆಲಸವನ್ನೂ ಮಾಡಿದ್ದು ನಾನು ಕಾಣೆ.

ಭಾನುವಾರ ಬೆಳಿಗ್ಗೆ ತೀರ್ಮಾನ. ಅಜ್ಜಿ ಲಿಂಗಪೂಜೆ ಮುಗಿಸಿ ನಡುಮನೆಯ ಚಾಪೆಯ ಮೇಲೆ ಬಂದು ಕೂರುತ್ತಿದ್ದರು. ಅಮ್ಮ, ಚಿಕ್ಕಮ್ಮ ಅಕ್ಕಿರೊಟ್ಟಿ ತಂದು ಬಡಿಸುತ್ತಿದ್ದ ಹಾಗೇ ಒಂದೊಂದು ಸಾಮಾನಿನ ವಿಚಾರಣೆ. ಮೊದಲು ಹೇಳಬೇಕಾದವರು ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು. "ದೊಡ್ಡೋರು ಮೊದಲು ಬಾಯಿಬಿಟ್ರೆ ಚಿಕ್ಕೋರು ಗಿಣಿ ಥರ ಅದನ್ನೇ ಒಪ್ಪಿಸ್ತವೆ" ಅನ್ನುತ್ತಿದ್ದರು ಅಜ್ಜಿ. ಚಿಕ್ಕವರು ಹೇಳುವಾಗ ಯಾರೂ ನಗಬಾರದು, ನಡುವೆ ಬಾಯಿ ಹಾಕಬಾರದು. ಎಲ್ಲರಿಗಿಂತ ಚಿಕ್ಕವಳು ನಾನು, ಎರಡನೇ ಕ್ಲಾಸಿನ ಗಿರಿಜಾ.

ಆ ಬೇಸಿಗೆಯಲ್ಲಿ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ನಮ್ಮ ಮೂರನೆಯ ಅಂಗಡಿ ತಯಾರಾಗುತ್ತಿತ್ತು. ಮೂರು ಅಂತಸ್ತು. ಅದು ಪೂರ್ತಿ ಚಿಕ್ಕಪ್ಪನ ಕನಸು. ಸಣ್ಣ ಮೀಸೆಯ, ಸದಾ ಏನಾದರೂ ಗುನುಗುತ್ತಿದ್ದ ಚಿಕ್ಕಪ್ಪನೆಂದರೆ ನನಗೆ ಪ್ರಾಣ. ಸ್ಕೂಟರಿನ ಮುಂದೆ ನನ್ನನ್ನು ನಿಲ್ಲಿಸಿಕೊಂಡು ಮಲ್ಲೇಶ್ವರಕ್ಕೆ ಕರೆದೊಯ್ದು, ಸುಣ್ಣದ ವಾಸನೆಯ ಖಾಲಿ ಕಟ್ಟಡದಲ್ಲಿ "ಇಲ್ಲಿ ಸೀರೆ, ಅಲ್ಲಿ ಪಾತ್ರೆ, ಮೇಲೆ ಆಟದ ಸಾಮಾನು" ಎಂದು ತೋರಿಸುತ್ತಿದ್ದರು. ಬಾಗಿಲಿಗೆ ಎದುರಾಗಿ ಕಾಣುವ ದೊಡ್ಡ ಕಪಾಟಿನಲ್ಲಿ ಶಾಲೆಯ ಬ್ಯಾಗುಗಳು. ನಮ್ಮ ಅಂಗಡಿಯ ಹೆಸರನ್ನೇ ಅಚ್ಚು ಹಾಕಿಸಿ ಮಾಡಿಸಿದ ಮೊದಲನೆಯ ಮಾಲು ಅದು.

ಬ್ಯಾಗು ಬಂದದ್ದು ತಡವಾಗಿ. ಓಪನಿಂಗಿಗೆ ವಾರವೂ ಇರಲಿಲ್ಲ, ಅದರ ಹಿಂದೆಯೇ ಶಾಲೆಗಳೂ ಶುರು. ಚಿಕ್ಕಪ್ಪ ಮನೆಗೆ ತರದೆ ಲಾರಿಯಿಂದ ನೇರ ಸಂಪಿಗೆ ರಸ್ತೆಯಲ್ಲೇ ಇಳಿಸಿ ಜೋಡಿಸಿಬಿಟ್ಟರು. ಸಂಜೆ ನನಗೆಂದು ಒಂದನ್ನು ತಂದರು. ಕುಂಕುಮದ ಬಣ್ಣ, ಮುಂದೆ ಎರಡು ಜೇಬು, ಹೊಸ ರೆಕ್ಸಿನ್ ವಾಸನೆ. ಹುಟ್ಟಿದಾಗಿನಿಂದ ಜೋಡಿಯಾಗದ ಸಾಮಾನನ್ನೇ ಬಳಸಿದ್ದ ನಾನು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗಿದೆ.

ಬೆಳಿಗ್ಗೆ ಅಜ್ಜಿಯ ಕಣ್ಣಿಗೆ ಬಿತ್ತು.

"ಇದನ್ನ ಯಾರು ಬಳಸಿ ನೋಡಿದ್ರೋ?" ಎಂದು ಚಿಕ್ಕಪ್ಪನನ್ನು ಕೇಳಿದರು.

"ಟೈಮ್ ಇರ್ಲಿಲ್ಲ ಅವ್ವಾ. ಗಟ್ಟಿ ಮಾಲು. ನಾನೇ ಎಳೆದು ನೋಡಿದೀನಿ."

"ನೀನು ಎಳೆದೆ ಸರಿ. ಹೊತ್ಕೊಳ್ಳೋದು ನೀನಾ?"

ಚಿಕ್ಕಪ್ಪ ಸ್ಕೂಟರು ಹತ್ತಿ ಅಂಗಡಿಗೆ ಹೊರಟುಹೋದರು. ಅಜ್ಜಿ ನನ್ನನ್ನು ಕರೆದು, "ಹೋದ ವರ್ಷದ ಪುಸ್ತಕ ಎಲ್ಲಾ ತುಂಬ್ಕೊಳ್ಳೇ. ಬಸು ಜೊತೆ ಗಾಂಧಿ ಬಜಾರ್ ಅಂಗಡಿವರೆಗೂ ನಡ್ಕೊಂಡು ಹೋಗ್ಬಾ" ಅಂದರು.

ಹೊರಟಾಗ ಕಾಲು ನೆಲದ ಮೇಲಿರಲಿಲ್ಲ. ಅರ್ಧ ದಾರಿಗೆ ಹೆಗಲು ಉರಿಯತೊಡಗಿತು. ಪಟ್ಟಿಯನ್ನು ಬ್ಯಾಗಿಗೆ ಸೇರಿಸುವ ಕಬ್ಬಿಣದ ಬಳೆ ಸರಿಯಾಗಿ ಮೂಳೆಯ ಮೇಲೆ ಕೂರುತ್ತಿತ್ತು. ಹೆಜ್ಜೆ ಇಟ್ಟಾಗಲೆಲ್ಲ ಒತ್ತುತ್ತಿತ್ತು. "ಏನಾಯ್ತೇ?" ಅಂದ ಬಸು. ಏನಿಲ್ಲ ಅಂದೆ. ಗಾಂಧಿ ಬಜಾರಿನ ಮಲ್ಲಿಗೆ, ಮಾವಿನಹಣ್ಣು, ಹುರಿಯುವ ಕಾಫಿಬೀಜದ ಘಮ ಯಾವುದೂ ಆವತ್ತು ನನಗೆ ಹಿಡಿಸಲಿಲ್ಲ. ಅಂಗಡಿಯಲ್ಲಿ ಚಿಕ್ಕಪ್ಪ ನನ್ನನ್ನು ಎತ್ತಿ ಕೌಂಟರಿನ ಮೇಲೆ ಕೂರಿಸಿ, ಬಾದಾಮಿ ಹಾಲು ತರಿಸಿ, ನನ್ನ ಮುಖವನ್ನೇ ನೋಡುತ್ತ "ಹೇಗಿದೆ ಪುಟ್ಟಿ?" ಅಂದರು. ಆ ಮುಖಕ್ಕೆ ಹೇಗೆ ಹೇಳಲಿ? ಚೆನ್ನಾಗಿದೆ ಅಂದೆ. ಅವರು ಗಲ್ಲ ಹಿಂಡಿ ನಕ್ಕರು. ಬಾದಾಮಿ ಹಾಲನ್ನು ನಾನು ಬಸುವಿನ ಕಡೆ ಸರಿಸಿದೆ.

ಮಾರನೆಯ ದಿನ ಭಾನುವಾರ. ಎಲ್ಲರೂ ಕೂತಿದ್ದರು. ಬ್ಯಾಗು ಚಾಪೆಯ ನಡುವೆ ಇತ್ತು.

"ಹೇಳಮ್ಮ" ಅಂದರು ಅಜ್ಜಿ.

"ಬ್ಯಾಗ್ ತುಂಬಾ ಚೆನ್ನಾಗಿದೆ ಅಜ್ಜಿ" ಅಂದೆ. ಚಿಕ್ಕಪ್ಪ ಉಸಿರು ಬಿಟ್ಟದ್ದು ಕೇಳಿಸಿತು.

ಅಜ್ಜಿ ಸರಿ ಅನ್ನಲಿಲ್ಲ, ಗದರಲಿಲ್ಲ, ನನ್ನ ಹೆಗಲನ್ನೂ ನೋಡಲಿಲ್ಲ. ಸುಮ್ಮನೆ ಕಾದರು. ತಟ್ಟೆಯಲ್ಲಿ ರೊಟ್ಟಿ ಆರಿಹೋಯಿತು. ಯಾರೂ ಮುರಿದುಕೊಳ್ಳಲಿಲ್ಲ. ಅಷ್ಟು ಜನ ದೊಡ್ಡವರು ನನ್ನ ಮಾತಿಗಾಗಿ ಕಾಯುತ್ತಿದ್ದಾರೆ ಎನ್ನುವುದೇ ನನಗೆ ತಡೆಯಲಾಗಲಿಲ್ಲ. "ಇಲ್ಲಿ ನೋಯುತ್ತೆ" ಎಂದು ಹೆಗಲು ಮುಟ್ಟಿ ತೋರಿಸಿದೆ. ಜೋರಾಗಿ ಅಳು ಬಂತು. "ಚಿಕ್ಕಪ್ಪಂಗೆ ಬೈಬೇಡಿ ಅಜ್ಜಿ."

"ಬೈಯಲ್ಲ. ಈ ಬ್ಯಾಗ್ ಅಂಗಡೀಲಿ ಇಡ್ಬೇಡಿ, ಅಷ್ಟೆ" ಅಂದರು ಅಜ್ಜಿ.

"ಹೊಸದಲ್ವಾ ಅವ್ವಾ, ನಾಲ್ಕು ದಿನ ಹಾಕ್ಕೊಂಡ್ರೆ ಸರಿಹೋಗುತ್ತೆ" ಅಂದರು ಚಿಕ್ಕಪ್ಪ.

"ಕಾರ್ಡ್ ಹಂಚಿ ಆಗಿದೆ ಅವ್ವಾ. ಎದುರಿನ ಕಪಾಟೇ ಖಾಲಿ ಇದ್ರೆ ಜನ ಏನಂತಾರೆ?" ಅಪ್ಪನೂ ಸೇರಿಕೊಂಡರು.

"ಓಪನಿಂಗ್ ಬೇಡ ಅಂದ್ನಾ? ಬ್ಯಾಗ್ ಇಡ್ಬೇಡಿ ಅಂದೆ."

ಚಿಕ್ಕಪ್ಪ ಎದ್ದರು. ಬ್ಯಾಗಿನ ಪಟ್ಟಿಗಳನ್ನು ಕೊನೆಯ ತೂತಿನವರೆಗೂ ಸಡಿಲಿಸಿ, ಹೇಗೋ ತೋಳು ತೂರಿಸಿ, ನನ್ನ ಪುಸ್ತಕಗಳ ಸಮೇತ ಬೆನ್ನಿಗೇರಿಸಿಕೊಂಡು ಬೀದಿಗೆ ಇಳಿದೇಬಿಟ್ಟರು. ನಾವೆಲ್ಲ ಕಿಟಕಿಗೆ ಮುಗಿಬಿದ್ದೆವು. ಬೀದಿಯ ತುದಿಯ ಕ್ಷೌರದಂಗಡಿಯವರು "ಏನ್ ಸ್ವಾಮಿ, ಯಾವ ಕ್ಲಾಸು?" ಎಂದು ಕೂಗಿದ್ದು ನಮಗೂ ಕೇಳಿಸಿತು. ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನು ಮಾತ್ರ ನಗಲಿಲ್ಲ.

ಬಳೇಪೇಟೆಗೆ ಹೋಗಿ ವಾಪಸು ಬಂದಾಗ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಬ್ಯಾಗು ಇಳಿಸಿ, ಅಜ್ಜಿಯ ಮುಂದೆ ಅಲ್ಲ, ನನ್ನ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತರು. ಕಾಲರು ಸರಿಸಿ ಹೆಗಲಿನ ಕೆಂಪು ಗುರುತು ತೋರಿಸಿ, "ಇಲ್ಲೇ ತಾನೇ?" ಅಂದರು.

"ಹೂಂ."

"ನಂಗೂ ಅಲ್ಲೇ ಕಣೇ."

ಓಪನಿಂಗ್ ದಿನ ಸಂಪಿಗೆ ರಸ್ತೆಯ ಅಂಗಡಿಗೆ ಚೆಂಡುಹೂವಿನ ತೋರಣ, ನಾಗಸ್ವರ, ಬಂದವರಿಗೆಲ್ಲ ಬಾಳೆಎಲೆಯ ದೊನ್ನೆಯಲ್ಲಿ ಕೇಸರಿಬಾತು. ಬಾಗಿಲಿಗೆ ಎದುರಿನ ಕಪಾಟು ಖಾಲಿ. ಟವಲೋ ದುಪ್ಪಟಿಯೋ ತುಂಬಿ ಮುಚ್ಚಿಬಿಡು ಎಂದು ಅಪ್ಪ ಎಷ್ಟು ಹೇಳಿದರೂ ಚಿಕ್ಕಪ್ಪ ಕೇಳಲಿಲ್ಲ. ಇಲ್ಲೇನು ಬರುತ್ತದೆ ಎಂದು ಕೇಳಿದವರಿಗೆಲ್ಲ ಕೈಮುಗಿದು ಒಂದೇ ಮಾತು: "ಸ್ಕೂಲ್ ಬ್ಯಾಗು ತಾಯಿ. ಮಾಲು ಬಂದಿದೆ, ನಮ್ಮನೆ ಮಕ್ಕಳು ಇನ್ನೂ ಒಪ್ಪಿಲ್ಲ." ಕೆಲವರು ನಕ್ಕರು. ಕೆಲವರು ಇದೆಂಥ ಅಂಗಡಿ ಎಂದು ಮುಖ ನೋಡಿಕೊಂಡು ಬೇರೆ ಕಡೆ ಹೋದರು.

ನಗರ್ತಪೇಟೆಯ ಒಬ್ಬ ದರ್ಜಿಯಿಂದ ಬ್ಯಾಗಿನ ಕಬ್ಬಿಣದ ಬಳೆಯ ಕೆಳಗೆ ಮೆತ್ತನೆಯ ಪಟ್ಟಿ ಹೊಲಿಸಿ, ನಾನು ಮತ್ತೆ ಹೊತ್ತು ನಡೆದು, ಆಯಿತು ಅನ್ನುವ ಹೊತ್ತಿಗೆ ಶಾಲೆ ಶುರುವಾಗಿ ಎಷ್ಟೋ ದಿನ ಆಗಿತ್ತು. ಆ ವರ್ಷ ಬ್ಯಾಗು ಕೊಂಡವರು ಕಡಿಮೆ. ಆದರೆ ಮರುವರ್ಷ ಮೇ ತಿಂಗಳಲ್ಲಿ ತಾಯಂದಿರು ಮಕ್ಕಳ ಕೈ ಹಿಡಿದುಕೊಂಡು ಬಂದು, "ಈ ಸಲ ನಿಮ್ಮನೆ ಮಕ್ಕಳು ಒಪ್ಪಿದ್ರಾ?" ಎಂದೇ ಕೇಳುತ್ತಿದ್ದರು. ಚಿಕ್ಕಪ್ಪ ನನ್ನನ್ನು ಮುಂದೆ ನಿಲ್ಲಿಸಿ "ಇವಳನ್ನೇ ಕೇಳಿ" ಅನ್ನುತ್ತಿದ್ದರು. ನಾಲ್ಕನೆಯ ಅಂಗಡಿ, ಐದನೆಯ ಅಂಗಡಿ ಎದ್ದದ್ದು ಆ ಮಾತಿನ ಮೇಲೆ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಈಗ ಊರಿನ ಹೊರವರ್ತುಲ ರಸ್ತೆಯ ಆಚೆಗೂ ನಮ್ಮ ಅಂಗಡಿಗಳಿವೆ. ಬಸುವಿನ ಮಗ ನೋಡಿಕೊಳ್ಳುತ್ತಾನೆ, ಬುದ್ಧಿವಂತ ಹುಡುಗ, ಮರ್ಯಾದೆಯವನು. ಚಾಮರಾಜಪೇಟೆಯ ಮನೆಯೇ ಆಫೀಸು. ನಡುಮನೆಯಲ್ಲಿ ಉದ್ದನೆಯ ಗಾಜಿನ ಮೇಜು ಬಂದಿದೆ. ಹೋದ ತಿಂಗಳು ಯಾವುದೋ ಸಹಿಗೆ ನನ್ನನ್ನು ಕರೆದಿದ್ದರು. ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ, ಆರು ವರ್ಷದವಳು. ಮೇಜಿನ ಮೇಲೆ ಮಕ್ಕಳ ಹೊಸ ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ಅವಳು ಒಂದನ್ನು ಎತ್ತಿಕೊಂಡು, ಮುಚ್ಚಳ ತಿರುಗಿಸಿ ತಿರುಗಿಸಿ ಸೋತು, "ಇದು ತೆಗೆಯೋಕೆ ಕೈ ನೋಯುತ್ತೆ" ಅಂದಳು.

ಬಸುವಿನ ಮಗ ಪ್ರೀತಿಯಿಂದ ನಕ್ಕ. ಬಾಟಲಿ ತೆರೆದುಕೊಟ್ಟು, ಡ್ರಾಯರಿನಿಂದ ಒಂದು ಚಾಕೊಲೇಟು ತೆಗೆದು ಅವಳ ಕೈಯಲ್ಲಿಟ್ಟು, ಮಾತು ಮುಂದುವರಿಸಿದ. ಮೇಜಿನ ಸುತ್ತ ಇದ್ದವರೂ ನಕ್ಕರು. ಯಾರಾದರೂ ಅವಳನ್ನು ಇನ್ನೊಂದು ಮಾತು ಕೇಳುತ್ತಾರೇನೋ ಎಂದು ನಾನು ಕಾದೆ. ಅವಳೂ ಒಂದು ಗಳಿಗೆ ಕಾದಳು. ಆಮೇಲೆ ಚಾಕೊಲೇಟು ಬಿಚ್ಚಿಕೊಂಡಳು.

ಅಜ್ಜಿ ಹೋಗಿ ಎಷ್ಟೋ ವರ್ಷಗಳಾದವು. ಅವರು ಇಲ್ಲ ಎಂದು ನನಗೆ ನಿಜವಾಗಿ ಅನ್ನಿಸಿದ್ದು ಆವತ್ತು.