ಸಂತಾಲಿ ಅಂಕಿಯ ಗಡಿಯಾರ

ಗಡಿಯಾರದಲ್ಲಿ ಅಂಕಿಗಳ ಬದಲು ಖಾಲಿ ಚೌಕಗಳು ಕಾಣಬಹುದಿತ್ತು. ಮೂರಿದ್ದಲ್ಲಿ ಐದು ಬರಬಹುದಿತ್ತು. ಹನ್ನೆರಡಾದ ಮೇಲೆ ಹದಿಮೂರು ಎಂದು ತೋರಿಸಿ ಒಬ್ಬ ಹಿರಿಯಾಕೆಯನ್ನು ಗಾಬರಿಪಡಿಸಬಹುದಿತ್ತು. ಏರ್‌ಪೋರ್ಟಿನಲ್ಲಿ ಯಾರಾದರೂ ಅನುಮಾನಪಟ್ಟು ಕಿತ್ತಿಟ್ಟುಕೊಳ್ಳಬಹುದಿತ್ತು... ಇಷ್ಟನ್ನೂ ನಾನು ಒಂದೇ ಟ್ರಾಮ್ ಪ್ರಯಾಣದಲ್ಲಿ ಚಿಂತಿಸಿ ಮುಗಿಸಿದ್ದೆ.

ಮೊನ್ನೆ ಇಲ್ಲಿ ಮೆಲ್ಬರ್ನ್‌ನ ಟಾರ್ನೀಟ್ ಬಡಾವಣೆಯ ನಮ್ಮ ಮನೆಯಲ್ಲಿ ಡ್ರಾಯರ್ ಖಾಲಿ ಮಾಡುವಾಗ ಹಳದಿ ಚೀಟಿಯೊಂದು ಸಿಕ್ಕಿತು. ಸೊನ್ನೆಯಿಂದ ಒಂಬತ್ತರವರೆಗೆ ಸಂತಾಲಿ ಲಿಪಿಯ ಅಂಕಿಗಳು. ಪ್ರತಿಯೊಂದರ ಕೆಳಗೆ ಕಂಪ್ಯೂಟರು ಅದನ್ನು ಗುರುತಿಸುವ ಸಂಕೇತ. ಬರೆದವರು ಡಾಕ್‌ಲ್ಯಾಂಡ್ಸ್ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಜಾರ್ಖಂಡಿನವರು. ನಾನು ಅವರನ್ನು ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದೆ.

ಅವರ ತಾಯಿ ವಯಸ್ಸಾದ ಮೇಲೆ ಓದು ಕಲಿತವರು, ಅದೂ ತಮ್ಮ ಲಿಪಿಯಲ್ಲಿ ಮಾತ್ರ. ಹೊತ್ತೆಷ್ಟಾಯಿತೆಂದು ಪಕ್ಕದ ಮನೆಯವರನ್ನು ಕೇಳಿ ಕೇಳಿ ಬೇಸತ್ತಿದ್ದರು. ಅದಕ್ಕೇ ದಾದಾ ಹಳೆಯ ಟ್ಯಾಬ್ಲೆಟ್ಟೊಂದನ್ನು ಸಂತಾಲಿ ಅಂಕಿಯ ಗೋಡೆ ಗಡಿಯಾರ ಮಾಡಿದರು. ಪರೀಕ್ಷೆ ಮಾಡುವ ಕೆಲಸ ನನ್ನದು.

"ಕನ್ನಡ ಅಂಕಿ ಓದೋಕೆ ಬರುತ್ತಾ ನಿಮಗೆ?" ಎಂದು ಕೇಳಿದ್ದರು.

"ಬಸ್ ನಂಬರ್ ಓದುವಷ್ಟು."

"ನಮ್ಮಮ್ಮನಿಗೂ ಅಷ್ಟೇ ಬೇಕಿರೋದು, ಭಾಯ್."

ಹತ್ತೂ ಸಂಕೇತಗಳನ್ನು ಚೀಟಿಯ ಜೊತೆ ಮೂರು ಸಲ ತಾಳೆ ನೋಡಿದೆ. ಅವರ ತಾಯಿಯ ಮನೆಯಲ್ಲಿ ಇಂಟರ್ನೆಟ್ ಇಲ್ಲವೆಂದು ಸಮಯವನ್ನು ನಾನೇ ಹೊಂದಿಸಿದೆ, ಒಂದು ಸೆಕೆಂಡೂ ತಪ್ಪದಂತೆ. ಊರಿಗೆ ಹೊರಟಿದ್ದ ಪರಿಚಯದವರೊಬ್ಬರು ಒಯ್ದು ತಲುಪಿಸಿದರು.

ಒಂದು ವಾರದ ನಂತರ ದಾದಾ ನಗುತ್ತಾ ಬಂದರು.

"ಅಮ್ಮ ಫೋನ್ ಮಾಡಿದ್ಲು. ಅಂಕಿ ಎಲ್ಲಾ ಚೆನ್ನಾಗಿ ಓದ್ತಾಳೆ. ಆದ್ರೆ ಗಡಿಯಾರದಲ್ಲಿ ಸಂಜೆ ಏಳಾದಾಗ ಅಂಗಳದಲ್ಲಿ ಬಿಸಿಲು ಸುಡ್ತಿರುತ್ತಂತೆ."

ನಾನು ಮೆಲ್ಬರ್ನ್ ಸಮಯ ಇಟ್ಟು ಕಳಿಸಿದ್ದೆ. 'ಊರಲ್ಲಿ ಈಗ ಎಷ್ಟು ಗಂಟೆ' ಎಂದು ದಿನಕ್ಕೆ ಹತ್ತು ಸಲ ಲೆಕ್ಕ ಹಾಕುವ ನಾನು. ಯಾರಿಂದಾದರೂ ಸರಿ ಮಾಡಿಸಿ ಎಂದು ಅಂಗಲಾಚಿದೆ.

"ಬೇಡವಂತೆ. ನಾನಿಲ್ಲಿ ಎದ್ದೆನೋ, ಊಟ ಮಾಡಿದೆನೋ ಅಂತ ಅದ್ರಲ್ಲೇ ನೋಡ್ಕೋತಾಳಂತೆ. ತನ್ನ ಹೊತ್ತು ಪಕ್ಕದ ಮನೆಯವರನ್ನೇ ಕೇಳ್ತಾಳಂತೆ."

ಆಮೇಲೆ ದಾದಾ ಕೆಲಸ ಬದಲಿಸಿ ಸಿಡ್ನಿಗೆ ಹೋದರು. ಅಲ್ಲೂ ಇದೇ ಸಮಯವಾದ್ದರಿಂದ ತಾಯಿಗೆ ತೊಂದರೆಯಾಗಲಿಲ್ಲ. ಹೋದ ವರ್ಷ ದಾದಾ ತೀರಿಕೊಂಡರು... ತಾಯಿ ಇದ್ದಾರೆ, ಗಡಿಯಾರವೂ ಗೋಡೆಯ ಮೇಲಿದೆ ಎಂದು ದಾದಾರ ಮಗಳು ಹೇಳಿದಳು. ಈ ತಿಂಗಳು ಪ್ರತಿ ವರ್ಷದಂತೆ ಬೇಸಿಗೆಗೆಂದು ಇಲ್ಲಿನ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ ಹೋದವು. ಜಾರ್ಖಂಡಿನ ಆ ಗೋಡೆಯದೂ, ಮೆಲ್ಬರ್ನ್ ಲೆಕ್ಕದಲ್ಲೇ ಓಡುವುದರಿಂದ, ತಾನಾಗಿಯೇ ಹೋಗಿರಬೇಕು. ಅಷ್ಟು ಚೆನ್ನಾಗಿ ಹೊಂದಿಸಿದ್ದೆ ನಾನು.